ಕುವೊ ತಾ-ಶಾನನ ತಾಯಿ

ಆಮಿನಮ್ಮ ಮೀನು ಬಿಟ್ಟರು ಎಂಬುದನ್ನು ಮೊದಲು ಮನೆಯಲ್ಲಿ ಯಾರೂ ನಂಬಲಿಲ್ಲ. ಉಳ್ಳಾಲದ ಕಡಲ ಬದಿಯಲ್ಲಿ ಹುಟ್ಟಿ, ಬೂತಾಯಿ ಸಾರಿನಲ್ಲೇ ಅನ್ನ ಉಣ್ಣಲು ಕಲಿತ ಹೆಂಗಸು ಅವರು. ದೋಹಾಕ್ಕೆ ಬಂದಿಳಿದ ದಿನ, ಇಲ್ಲಿ ಬಂಗುಡೆ ಸಿಗುತ್ತದೆಂದು ಖಾತ್ರಿ ಮಾಡಿಕೊಂಡ ಮೇಲೆಯೇ ಪೆಟ್ಟಿಗೆ ಬಿಚ್ಚಿದವರು. ಅಂಥವರು ಒಂದು ಶುಕ್ರವಾರ, ಸೊಸೆ ಅಸೀಫಾ ಅಂಜಲ್ ಮೀನಿನ ತುಂಡುಗಳಿಗೆ ಮಸಾಲೆ ಹಚ್ಚುತ್ತಿದ್ದಾಗ ಅಡುಗೆಮನೆಯ ಬಾಗಿಲಲ್ಲಿ ಬಂದು ನಿಂತರು.

“ಅದನ್ನು ಫ್ರೀಜರಿಗೆ ಹಾಕು. ನಾನು ಹರಕೆ ಹೊತ್ತಿದ್ದೇನೆ. ಆ ಮಗ ತಾಯಿಯ ಹತ್ರ ಬರುವವರೆಗೆ ನಾನು ಮೀನು ಮುಟ್ಟುದಿಲ್ಲ.”

“ಯಾವ ಮಗ ಮಾಮಿ?”

“ಮತ್ತೆ ಯಾರು? ನಿನ್ನ ಮಾವನ ಟೇಪಿನವನು. ಕುವೊ.”

ಅಸೀಫಾಳ ಕೈ ಮಸಾಲೆಯಲ್ಲೇ ನಿಂತಿತು. ಅವಳು ನಕ್ಕು ಅತ್ತೆಯ ಮುಖ ನೋಡಿದಳು. ಅತ್ತೆ ನಗುತ್ತಿರಲಿಲ್ಲ. ಅತ್ತೆ ಹರಕೆ ಹೊತ್ತು ಕುಳಿತಿರುವಾಗ ಪಕ್ಕದಲ್ಲಿ ಸೊಸೆ ಮೀನು ಹುರಿಯುವ ಸಂಪ್ರದಾಯ ಯಾವ ಬ್ಯಾರಿ ಮನೆಯಲ್ಲೂ ಇಲ್ಲ. ಹಾಗಾಗಿ ಅಂಜಲ್ ಫ್ರೀಜರಿಗೆ ಹೋಯಿತು, ಮನೆಯವರೆಲ್ಲ ಕೋಳಿಗೆ ಬಿದ್ದರು.

ಕುವೊ ತಾ-ಶಾನ್ ತೈವಾನಿನ ನಟ. ಆಮಿನಮ್ಮನ ಗಂಡ ಹಸನಬ್ಬರ ಬದುಕಿಗೆ ಅವನು ಬಂದದ್ದು ಒಂದು ಹಳೆಯ ಫ್ರಿಜ್ಜಿನ ಒಳಗೆ. ಕೆಲಸ ಮುಗಿಸಿ ಊರಿಗೆ ಹೊರಟಿದ್ದ ತೈವಾನಿನ ಇಂಜಿನಿಯರುಗಳು ಕ್ಯಾಂಪಿನ ಸಾಮಾನು ಮಾರುತ್ತಿದ್ದಾಗ ಹಸನಬ್ಬ ಫ್ರಿಜ್ ಕೊಂಡರು. ಮನೆಗೆ ತಂದು ತೆರೆದರೆ ಒಳಗೆ ವಿಡಿಯೋ ಕ್ಯಾಸೆಟ್ಟುಗಳ ಪೆಟ್ಟಿಗೆ! ಸಿನಿಮಾ, ಟಿವಿ ಧಾರಾವಾಹಿ, ಎಲ್ಲವೂ ಚೀನೀ ಭಾಷೆ. ಕೆಳಗೆ ಒಂದಕ್ಷರ ಇಂಗ್ಲಿಷ್ ಕೂಡ ಇಲ್ಲ. ಆದರೆ ಎಲ್ಲದರಲ್ಲೂ ಒಬ್ಬನೇ ಮನುಷ್ಯ. ದಪ್ಪ ಹುಬ್ಬು, ಅಗಲ ದವಡೆ. ಒಂದರಲ್ಲಿ ಕತ್ತಿ ಹಿಡಿದು ಮಾಡಿನಿಂದ ಕೆಳಗೆ ಬೀಳುತ್ತಾನೆ, ಇನ್ನೊಂದರಲ್ಲಿ ಗಡ್ಡ ಬಿಟ್ಟ ಮಂತ್ರಿ, ಮತ್ತೊಂದರಲ್ಲಿ ಸೂಟು ತೊಟ್ಟ ಪೊಲೀಸ್. ಯಾರೋ ಒಬ್ಬ ಇಂಜಿನಿಯರ್ ಅವನ ಅಭಿಮಾನಿಯಾಗಿದ್ದಿರಬೇಕು. ಒಂದು ಕ್ಯಾಸೆಟ್ಟಿನ ಬೆನ್ನ ಮೇಲೆ ಅವನ ಹೆಸರು ಮಾತ್ರ ಇಂಗ್ಲಿಷಿನಲ್ಲಿತ್ತು.

ಹಸನಬ್ಬರದು ದೋಹಾದ ಮುಶೈರಿಬಿನಲ್ಲಿ ಹಳೆಯ ವಿಡಿಯೋ ಅಂಗಡಿ. ಒಂದು ಕಾಲದಲ್ಲಿ ಗುರುವಾರ ಸಂಜೆ ಅಲ್ಲಿ ಕಾಲಿಡಲು ಜಾಗ ಇರುತ್ತಿರಲಿಲ್ಲ. ತೊಂಬತ್ತರ ದಶಕದ ನಡುವಿಗೆ ಬರುವಾಗ ಮನೆ ಮನೆಯ ಮಾಡಿನ ಮೇಲೆ ಡಿಶ್ ಎದ್ದು ನಿಂತಿತ್ತು. ಜನ ಹಿಂದಿ ಕ್ಯಾಸೆಟ್ಟನ್ನೇ ಕೇಳುತ್ತಿರಲಿಲ್ಲ. ಇನ್ನು ತೈವಾನಿನದನ್ನು ಯಾರು ಮೂಸಿ ನೋಡುತ್ತಾರೆ? ಹಸನಬ್ಬ ಎಲ್ಲವನ್ನೂ ತಾವೇ ಕುಳಿತು ನೋಡಿದರು. ನೋಡಿ, ಅವುಗಳನ್ನು ಒಂದಕ್ಕೊಂದು ಹೊಲಿದು ಒಂದು ಕತೆ ಮಾಡಿದರು.

“ಇದು ಸಿನಿಮಾ ಅಂತ ಗ್ರಹಿಸಬೇಡ ಮಾರಾಯಾ. ಇದು ಆ ನಟನ ಸ್ವಂತ ಜೀವನ. ದೊಡ್ಡ ದೋಣಿ ಮಾಲಕನ ಮಗ ಅವನು. ನಟ ಆಗ್ತೇನೆ ಅಂದ. ಅಪ್ಪ, ನನ್ನ ಹೊಸ್ತಿಲು ತುಳಿಯಬೇಡ ಅಂದ. ತಾಯಿ ಇವತ್ತಿಗೂ ಅನ್ನ ಮುಚ್ಚಿಟ್ಟು ಕಾಯ್ತಾ ಇದ್ದಾಳೆ. ಇವತ್ತು ಇದನ್ನು ತಗೊಂಡು ಹೋಗು. ಮುಂದಿನದ್ದು ಬರುವ ಗುರುವಾರ.”

ಜನ ತೆಗೆದುಕೊಂಡು ಹೋದರು. ಊರು ಬಿಟ್ಟು ಬಂದು ಕ್ಯಾಂಪುಗಳಲ್ಲಿ ಬದುಕುವ ಗಂಡಸರಿಗೆ ಅನ್ನ ಮುಚ್ಚಿಟ್ಟು ಕಾಯುವ ತಾಯಿಯ ಕತೆ ಹೇಳಿದರೆ ಯಾರು ತಾನೇ ಬಿಟ್ಟಾರು? ಪ್ರತಿ ಟೇಪಿನಲ್ಲೂ ತಾಯಿ ಬೇರೆ ಬೇರೆ ಮುದುಕಿಯಾಗಿದ್ದಳು. ಒಬ್ಬ ಅದನ್ನು ಹಿಡಿದು ಕೇಳಿದಾಗ ಹಸನಬ್ಬ, “ದುಃಖದಲ್ಲಿ ಮುಖ ಇಳಿದು ಹೋಗಿದೆ, ಕಾಣುದಿಲ್ವಾ?” ಎಂದು ಗದರಿಸಿದ್ದರು. ಅವರಿಗೆ ಇದು ಸುಳ್ಳು ಅನ್ನಿಸಲೇ ಇಲ್ಲ. ವ್ಯಾಪಾರಿಯ ಬಾಯಿಗೆ ಬಂದ ಮಾತು ವ್ಯಾಪಾರಕ್ಕೆ ಸೇರಿದ್ದು, ಅದಕ್ಕೆ ಬೇರೆ ಲೆಕ್ಕ ಎಂಬುದು ಅವರ ನಂಬಿಕೆ. ಕ್ಯಾಸೆಟ್ಟುಗಳನ್ನು ಮನೆಗೆ ತಂದಾಗ ಹೆಂಡತಿಗೂ ಅದೇ ಕತೆ ಹೇಳುತ್ತಿದ್ದರು.

ಕತೆಯ ಮೊದಲ ತುಂಡನ್ನು ಹಸನಬ್ಬ ತಂದದ್ದು ಎಲ್ಲಿಂದ ಎಂದು ಐನ್ ಖಾಲಿದ್ ಬಡಾವಣೆಯ ಅವರ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಹಸನಬ್ಬರಿಗೊಬ್ಬರಿಗೆ ಗೊತ್ತಿರಲಿಲ್ಲ. ಅವರ ಕಿರಿಯ ಮಗ ಸಾಬಿತ್, “ಇನ್ನು ಸ್ವಲ್ಪ ಸಮಯದಲ್ಲಿ ಈ ಕ್ಯಾಸೆಟ್ಟುಗಳನ್ನು ಗುಜರಿಯವನೂ ತಗೊಳ್ಳುದಿಲ್ಲ ಬಾಪ, ನಾನು ಅಂಗಡಿಯಲ್ಲಿ ಕೂರುದಿಲ್ಲ” ಎಂದು ಹೇಳಿ ದುಖಾನಿನ ಎಣ್ಣೆ ಕಂಪೆನಿಯಲ್ಲಿ ಕೆಲಸಕ್ಕೆ ಸೇರಿದ್ದ. “ಹಾಗಾದರೆ ನನ್ನ ಹೊಸ್ತಿಲು ತುಳಿಯಬೇಡ. ಅವನ ಹೆಸರು ಈ ಮನೆಯಲ್ಲಿ ಯಾರೂ ಎತ್ತಬಾರದು” ಎಂದಿದ್ದರು ಹಸನಬ್ಬ. ಎರಡು ಪೆರ್ನಾಲ್ ಹಬ್ಬ ಹಾಗೆಯೇ ಕಳೆದಿದ್ದವು. ದುಖಾನ್ ಏನು ತೈವಾನಿನಲ್ಲಿಲ್ಲ, ಕಾರಿನಲ್ಲಿ ಹೊರಟರೆ ಒಂದು ಗಂಟೆಯ ದಾರಿ. ಆದರೂ ಮಗ ಬರಲಿಲ್ಲ, ಅಪ್ಪ ಕರೆಯಲಿಲ್ಲ.

ಮೀನಿಲ್ಲದ ಮೊದಲ ವಾರ ಮನೆಯಲ್ಲಿ ಒಂದು ತಮಾಷೆಯಂತೆ ಕಳೆಯಿತು. ಎರಡನೆಯ ವಾರ ಕೋಳಿ ಸುಕ್ಕ, ಕೋಳಿ ಸಾರು, ಕೋಳಿ ಹುರಿದದ್ದು. ಮೂರನೆಯ ವಾರ ಹಿರಿಯ ಮಗ ಶಾಫಿ ತಟ್ಟೆಯ ಮುಂದೆ ಕುಳಿತು ಕೋಳಿಯ ಕಾಲನ್ನು ಎತ್ತಿ ಹಿಡಿದ.

“ಇನ್ನೊಂದು ವಾರ ಹೀಗಾದರೆ ನಾನು ಕೂಗಲಿಕ್ಕೆ ಶುರು ಮಾಡ್ತೇನೆ ಬೆಳಿಗ್ಗೆ.”

“ನಂಗೆ ಹೇಳಿ ಎಂತ ಪ್ರಯೋಜನ?” ಎಂದಳು ಅಸೀಫಾ. “ಹೇಳಬೇಕಾದವರಿಗೆ ಹೇಳಿ.”

ಹೇಳಬೇಕಾದವರು, ಅಂದರೆ ಹಸನಬ್ಬ, ಮೇಜಿನ ತುದಿಯಲ್ಲಿ ಕುಳಿತು ಕೋಳಿಯ ಎಲುಬನ್ನು ಬಹಳ ಗಮನವಿಟ್ಟು ನೋಡುತ್ತಿದ್ದರು.

ಆಮಿನಮ್ಮ ಮಾತ್ರ ಕೋಳಿಯನ್ನೂ ತಿನ್ನುತ್ತಿರಲಿಲ್ಲ. ಕೋಳಿ ಅವರಿಗೆ ಎಂದೂ ಒಗ್ಗಿದ್ದಿಲ್ಲ. ಗಂಜಿ, ಉಪ್ಪಿನಕಾಯಿ, ಒಂದು ತುಂಡು ಸೌತೆಕಾಯಿ, ಅಷ್ಟೇ. ಕೈಯ ಬಳೆಗಳು ಮೊಣಕೈವರೆಗೆ ಜಾರುತ್ತಿದ್ದವು. ನಮಾಜಿಗೆ ಕುಳಿತವರು ಏಳುವಾಗ ಗೋಡೆ ಹಿಡಿಯತೊಡಗಿದರು. ಕ್ಲಿನಿಕ್ಕಿನ ಮಲಯಾಳಿ ಡಾಕ್ಟರ್, “ಉಮ್ಮಾ, ನೀವು ಮೀನು ತಿನ್ನಲೇಬೇಕು, ರಕ್ತ ಇಲ್ಲ” ಎಂದು ಹೇಳಿ ಗುಳಿಗೆ ಕೊಟ್ಟರು. ಆಮಿನಮ್ಮ ಗುಳಿಗೆಯನ್ನು ಮೂಸಿ ನೋಡಿ, “ಇದರಲ್ಲಿ ಮೀನೆಣ್ಣೆ ಉಂಟಾ?” ಎಂದು ಕೇಳಿ, ಉಂಟು ಎಂದು ತಿಳಿದ ಮೇಲೆ ಹಾಗೆಯೇ ಹಿಂದೆ ಕೊಟ್ಟರು.

ಆ ಸಂಜೆ ಶಾಫಿ ಆಫೀಸಿನಿಂದ ಬಂದವನು ತಾಯಿಯ ಆರೋಗ್ಯ ವಿಚಾರಿಸಲು ಹತ್ತಿರ ಕುಳಿತ. ಆಮಿನಮ್ಮ ಅವನ ಅಂಗಿಯ ತೋಳು ಹಿಡಿದು ಮೂಸಿದರು.

“ಹಮೂರ್ ಮೀನು ಫ್ರೈ. ಎಲ್ಲಿ ತಿಂದದ್ದು?”

“ಇಲ್ಲ ಉಮ್ಮ, ಆಫೀಸಿನಲ್ಲಿ ಪಕ್ಕದವರು...”

“ಪಕ್ಕದವರು ತಿಂದರೆ ನಿನ್ನ ಬೆರಳಲ್ಲಿ ಲಿಂಬೆ ವಾಸನೆ ಯಾಕೆ? ತಿನ್ನು, ಬೇಡ ಹೇಳಿದ್ದು ಯಾರು? ನಾನು ಹೊತ್ತ ಹರಕೆ ನನ್ನದು.”

ಅಸೀಫಾ ಗಂಡನನ್ನು ಅಡುಗೆಮನೆಗೆ ಕರೆದು ಬೈದ ಬೈಗುಳದಲ್ಲಿ, ಅವನು ಹೋಟೆಲಿನಲ್ಲಿ ಒಬ್ಬನೇ ತಿಂದ ದುಃಖವೇ ಹೆಚ್ಚಿತ್ತು. ಪೊಟ್ಟಣ ಕಟ್ಟಿಸಿಕೊಂಡು ಕಾರಿನಲ್ಲಿ ಇಟ್ಟಿದ್ದರೆ ತಾನು ಕೆಳಗೆ ಹೋಗಿ ತಿನ್ನುತ್ತಿರಲಿಲ್ಲವೇ ಎಂಬುದು ಅವಳ ವಾದ.

ಕೊನೆಗೆ ಶಾಫಿ ತಂದೆಯನ್ನು ಹಿಡಿದ. “ಬಾಪ, ಆ ತೈವಾನಿನವನನ್ನು ಮನೆಗೆ ಸೇರಿಸಿ ಬಿಡಿ. ಕತೆ ನಿಮ್ಮದೇ ಅಲ್ವಾ? ಒಂದು ಗುರುವಾರದ ಕೆಲಸ.”

“ಸೇರಿಸಿದರೆ ಕತೆ ಖಲಾಸ್. ಮತ್ತೆ ಅಂಗಡಿಗೆ ಯಾರು ಬರ್ತಾರೆ?”

“ಅಂಗಡಿ ದೊಡ್ಡದಾ ಉಮ್ಮ ದೊಡ್ಡದಾ?”

ಮರುದಿನ ಮಧ್ಯಾಹ್ನ ಹಸನಬ್ಬ ಒಂದು ಕ್ಯಾಸೆಟ್ ತಂದು ವಿಸಿಆರಿಗೆ ಹಾಕಿ ಹೆಂಡತಿಯನ್ನು ಕರೆದರು. ಪರದೆಯ ಮೇಲೆ ಕುವೊ ಮಳೆಯಲ್ಲಿ ಒಂದು ಮನೆಯ ಬಾಗಿಲು ತಟ್ಟುತ್ತಿದ್ದ. ಒಬ್ಬ ಮುದುಕಿ ಬಾಗಿಲು ತೆರೆದಳು. ಇಬ್ಬರೂ ಅಪ್ಪಿಕೊಂಡು ಅತ್ತರು.

“ನೋಡು ಆಮಿನಾ! ಬಂದ. ಮನೆಗೆ ಬಂದ. ಅಲ್‌ಹಮ್ದುಲಿಲ್ಲಾ. ಇನ್ನು ಮೀನು ತರ್ಲಿಕ್ಕೆ ಹೇಳಲಾ?”

ಆಮಿನಮ್ಮ ಕನ್ನಡಕ ಸರಿ ಮಾಡಿಕೊಂಡರು.

“ಅದು ಅವನ ತಾಯಿ ಅಲ್ಲ, ಅಪ್ಪನ ಅಕ್ಕ. ಆ ಹೆಂಗಸು ಕೆಂಪು ಡಬ್ಬದ ಟೇಪಿನಲ್ಲಿ ವಿಷ ಕುಡಿದು ಸತ್ತಳು. ದಫನಕ್ಕೆ ಕುವೊ ಬರಲೇ ಇಲ್ಲ ಅಂತ ನೀವೇ ಹೇಳಿದ್ದು. ನಾನು ಅವಳಿಗಾಗಿ ಯಾಸೀನ್ ಓದಿದ್ದೇನೆ.”

“ಅದು... ಅವಳ ತಂಗಿ ಇರಬೇಕು.”

“ತಂಗಿಯ ಮನೆಗೆ ಬಂದರೆ ತಾಯಿಯ ಮನೆಗೆ ಬಂದ ಹಾಗೆ ಆಗ್ತದಾ?”

ಹಸನಬ್ಬರಿಗೆ ಬಿಸಿ ತುಪ್ಪ ಬಾಯಿಗೆ ಹಾಕಿಕೊಂಡಂತಾಯಿತು, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಅವರು ಹೇಳಿ ಮರೆತ ಒಂದೊಂದು ಮಾತನ್ನೂ ಆಮಿನಮ್ಮ ನೆನಪಿಟ್ಟಿದ್ದರು. ಊಟದ ಹೊತ್ತಿಗೆ ಅವರು ಮತ್ತೆ ಕೋಳಿಯ ಎಲುಬನ್ನೇ ನೋಡುತ್ತ ಕುಳಿತರು.

ಮಿಸೆಸ್ ಚೆನ್ ಅಂಗಡಿಗೆ ಬಂದದ್ದು ಇಂಥ ಹೊತ್ತಿನಲ್ಲಿ. ಅಲ್ ಖೋರ್ ಪಟ್ಟಣದಲ್ಲಿ ಇಂಜಿನಿಯರ್ ಆಗಿದ್ದವರೊಬ್ಬರ ಹೆಂಡತಿ, ತೈವಾನಿನವರು. ಮುಶೈರಿಬಿನ ಒಬ್ಬ ಮುದುಕನ ಅಂಗಡಿಯಲ್ಲಿ ತಮ್ಮ ಊರಿನ ಕ್ಯಾಸೆಟ್ಟುಗಳಿವೆ ಎಂದು ಯಾರೋ ಹೇಳಿದ್ದರಂತೆ. ಕುವೊನ ಮುಖ ಕಂಡದ್ದೇ ಆಕೆ ಎರಡೂ ಕೈಗಳನ್ನು ಕೆನ್ನೆಗೆ ಒತ್ತಿಕೊಂಡು ಸಣ್ಣ ಹುಡುಗಿಯಂತೆ ಕುಣಿದರು. ಹಸನಬ್ಬ ಕ್ಯಾಸೆಟ್ ಕೊಟ್ಟು ಬೇಗ ಸಾಗಹಾಕಬೇಕೆಂದಿದ್ದರು. ಹಾಳಾದ್ದು, ಬಾಪನಿಗೆ ಊಟದ ಬುತ್ತಿ ತಂದಿದ್ದ ಶಾಫಿ ಅಲ್ಲೇ ಇದ್ದ.

“ಮೇಡಂ, ನಮ್ಮ ತಾಯಿ ಈ ನಟನ ದೊಡ್ಡ ಫ್ಯಾನ್. ಶುಕ್ರವಾರ ಟೀಗೆ ಬರಬೇಕು ನೀವು. ಇವನ ವಿಷಯ ಅವರಿಗೆ ಹೇಳಬೇಕು.”

ಹಸನಬ್ಬ ಕೌಂಟರಿನ ಕೆಳಗೆ ಮಗನ ಕಾಲು ತುಳಿದರು. ಶಾಫಿ ಕಾಲು ಹಿಂದೆ ತೆಗೆದುಕೊಂಡ, ಮಾತನ್ನು ತೆಗೆದುಕೊಳ್ಳಲಿಲ್ಲ.

ಶುಕ್ರವಾರ ಸಂಜೆ ಮಿಸೆಸ್ ಚೆನ್ ಒಂದು ಡಬ್ಬ ಬಿಸ್ಕತ್ತು ಹಿಡಿದುಕೊಂಡು ಬಂದರು. ಅಸೀಫಾ ಸಮೋಸ, ಹಲ್ವ, ಸುಲೈಮಾನಿ ಚಾ ಎಲ್ಲ ಸಜ್ಜು ಮಾಡಿದ್ದಳು. ಅತಿಥಿಯ ಇಂಗ್ಲಿಷನ್ನು ಅಜ್ಜಿಗೆ ಹೇಳುವ ಕೆಲಸ ಮೊಮ್ಮಗಳು ಶಮ್ನಾಳದು. ಇಂಗ್ಲಿಷ್ ಶಾಲೆಯ ಹುಡುಗಿ, ಅವಳ ಕನ್ನಡ ಎರಡೂ ಕಾಲಿಗೆ ಬೇರೆ ಬೇರೆ ಚಪ್ಪಲಿ ಹಾಕಿಕೊಂಡು ನಡೆಯುವ ಕನ್ನಡ.

“ಮೊದಲು ಕೇಳು, ಅವನು ಎಲ್ಲಿ ಹುಟ್ಟಿದ್ದು?” ಎಂದರು ಆಮಿನಮ್ಮ.

ಶಮ್ನಾ ಕೇಳಿದಳು. ಮಿಸೆಸ್ ಚೆನ್ ಕೈ ಕಾಲು ಎಲ್ಲ ಬಳಸಿ ಹೇಳತೊಡಗಿದರು.

“ಅಜ್ಜಿ, ಅವರು ಹೇಳ್ತಾರೆ, ಸೌತಿನಲ್ಲಿ, ಒಂದು ಸ್ಮಾಲ್ ಟೌನ್. ಭಾರಿ ಬಡವರು. ಮತ್ತೆ ಅವನನ್ನು ಒಪೆರಾ... ಅಂದ್ರೆ, ನಾಟಕದವರ ಕಂಪೆನಿಗೆ ಸೇರಿಸಿದ್ದು. ಅಲ್ಲಿ ದಿನಾ ಹೊಡೀತಿದ್ರು. ಹೇಗೆ ಬೀಳುದು ಅಂತ ಕಲಿಸಿದ್ದು.”

“ಬೀಳುದನ್ನು ಕಲೀಬೇಕಾ?”

“ಅದೇ ಅವನ ಜಾಬ್ ಅಜ್ಜಿ. ಸಿನಿಮಾದಲ್ಲಿ ಹೀರೋ ಹೊಡೆದಾಗ ಬಿದ್ದು ಸಾಯುದು. ತುಂಬಾ ವರ್ಷ ಬರೀ ಸಾಯುದೇ. ಮೂವಿ ಸ್ಟಾರ್ಟ್ ಆಗಿ ಸ್ವಲ್ಪದರಲ್ಲೇ ಡೆಡ್. ಅವನಷ್ಟು ಚಂದ ಸಾಯುವವರು ಯಾರೂ ಇಲ್ಲ ಅಂತ ಫೇಮಸ್ ಆದದ್ದು. ಮತ್ತೆ ಟಿವಿಯಲ್ಲಿ ಒಬ್ಬರು ಇವನು ಸಾಯದೆ ನಿಂತರೆ ಹೇಗೆ ಕಾಣ್ತಾನೆ ನೋಡುವಾ ಅಂತ ಪೊಲೀಸ್ ರೋಲ್ ಕೊಟ್ಟರು. ಆಮೇಲೆ ಮಿನಿಸ್ಟರ್, ಅಪ್ಪ, ಅಜ್ಜ, ಎಲ್ಲ ಆದ. ಇಡೀ ತೈವಾನಿಗೆ ಅವನು ಅಂದ್ರೆ ಇಷ್ಟ. ಒಬ್ಬಳೇ ಹೆಂಡತಿ, ಹೆಣ್ಮಕ್ಕಳು ಉಂಟು. ನೋ ಗಲಾಟೆ.”

ಹಸನಬ್ಬ ಎದ್ದರು. “ಅಸರ್ ನಮಾಜಿಗೆ ಹೊತ್ತಾಯ್ತು.”

“ಅಸರ್ ಆಗಿ ಮುಸ್ಸಂಜೆಯ ಮಗ್ರಿಬಿಗೆ ಬಂತು. ಕೂತುಕೊಳ್ಳಿ” ಎಂದರು ಆಮಿನಮ್ಮ. “ಶಮ್ನಾ, ಅವನ ತಾಯಿಯ ವಿಷಯ ಕೇಳು.”

ಶಮ್ನಾ ಕೇಳಿದಳು. ಉತ್ತರ ಬಹಳ ಚಿಕ್ಕದಾಗಿತ್ತು. ಆದರೆ ಹುಡುಗಿ ಅದನ್ನು ಕನ್ನಡಕ್ಕೆ ತರುವ ಮೊದಲು ಅಜ್ಜನ ಮುಖವನ್ನೊಮ್ಮೆ ನೋಡಿದಳು.

“ಅವನಿಗೆ ತಾಯಿ ಇಲ್ಲ ಅಜ್ಜಿ. ಅವನು ಬೇಬಿ ಇರುವಾಗಲೇ ತೀರಿಹೋದದ್ದು. ಅದಕ್ಕೇ ನಾಟಕದವರಿಗೆ ಕೊಟ್ಟದ್ದಂತೆ.”

“ಅಪ್ಪ? ದೋಣಿ?”

“ದೋಣಿ ಗೀಣಿ ಎಂತ ಇಲ್ಲ.”

ಎಲ್ಲರ ಮುಖ ನೋಡಿ ಏನೋ ತಪ್ಪಾಗಿದೆ ಎಂದು ತಿಳಿದ ಮಿಸೆಸ್ ಚೆನ್, ವಾತಾವರಣ ಹಗುರ ಮಾಡಲು ನಗುತ್ತ ಇನ್ನೊಂದು ಮಾತು ಸೇರಿಸಿದರು. ಶಮ್ನಾ ಅದನ್ನು ಹೇಳಲೋ ಬೇಡವೋ ಎಂದು ತಾಯಿಯನ್ನು ನೋಡಿದಳು.

“ಹೇಳು” ಎಂದರು ಆಮಿನಮ್ಮ.

“ಈಗ ವಯಸ್ಸಾಯ್ತಲ್ಲ, ಟಿವಿಯಲ್ಲಿ ಅಡುಗೆ ಪ್ರೋಗ್ರಾಂ ಮಾಡ್ತಾನಂತೆ ಅವನು. ಪ್ರತಿ ವಾರ. ಮೀನಿನದ್ದು.”

ಶಾಫಿ ಕೆಮ್ಮಿದ. ಅಸೀಫಾ ಚಾ ತರುವ ನೆಪದಲ್ಲಿ ಅಡುಗೆಮನೆಗೆ ಓಡಿದಳು. ಅಲ್ಲಿಂದ ಕೇಳಿಬಂದದ್ದು ಅಳುವೋ ನಗುವೋ ಯಾರಿಗೂ ಹೇಳಲಾಗುತ್ತಿರಲಿಲ್ಲ.

“ನಾನು ಇಲ್ಲಿ ಗಂಜಿ ಕುಡೀತಾ ಇದ್ದೇನೆ, ಅವನು ಅಲ್ಲಿ ಮೀನು ಹುರೀತಾ ಇದ್ದಾನೆ” ಎಂದರು ಆಮಿನಮ್ಮ ಬಹಳ ಶಾಂತವಾಗಿ. ಅತಿಥಿಗೆ ಹಲ್ವ ಬಡಿಸಿದರು, ಕೈ ಹಿಡಿದು ಬಾಗಿಲವರೆಗೆ ಕಳುಹಿಸಿ ಬಂದರು. ಬಂದು ಗಂಡನ ಎದುರಿನ ಕುರ್ಚಿಯಲ್ಲಿ ಕುಳಿತರು.

“ಹೇಳಿ. ಎಲ್ಲಿಂದ ತಂದಿರಿ ಆ ತಾಯಿಯನ್ನು?”

“ವ್ಯಾಪಾರಕ್ಕೆ ಹೇಳಿದ್ದು ಆಮಿನಾ. ನೀನು ಹೋಗಿ ಹರಕೆ ಹೊರ್ತಿ ಅಂತ ನಂಗೆ ಗೊತ್ತುಂಟಾ?” ಹಸನಬ್ಬರ ಸ್ವರ ತಗ್ಗಿತ್ತು. “ಆಯ್ತು, ತಪ್ಪು. ಈಗ ಆ ತಾಯಿಯೇ ಇಲ್ಲ ಅಂತ ಗೊತ್ತಾಯ್ತಲ್ಲ, ಹರಕೆಯೂ ಇಲ್ಲ. ನಾಳೆ ಅಂಜಲ್ ತರ್ತೇನೆ.”

“ಹರಕೆ ಏನು ನಿಮ್ಮ ಅಂಗಡಿಯ ಕ್ಯಾಸೆಟ್ಟಾ, ಸರಿ ಇಲ್ಲ ಅಂತ ಹಿಂದೆ ಕೊಡ್ಲಿಕ್ಕೆ? ಅಲ್ಲಾಹನ ಹತ್ರ ಬಾಯಿ ಬಿಟ್ಟು ಹೇಳಿ ಆಗಿದೆ. ಮಗ ತಾಯಿಯ ಹತ್ರ ಬರಬೇಕು.”

“ಇಲ್ಲದ ತಾಯಿಯ ಹತ್ರ ಅವನು ಹೇಗೆ ಬರುದು ಮಾರಾಯ್ತಿ? ಹಾಗಾದ್ರೆ ಈ ಜನ್ಮದಲ್ಲಿ ನಮಗೆ ಮೀನಿಲ್ಲ!”

“ಅಲ್ಲಿ ತಾಯಿ ಇಲ್ಲದಿದ್ರೆ ಇಲ್ಲಿ ಹುಡುಕಿ.”

ಶಾಫಿ ಗೋಡೆಯ ಕಡೆ ತಿರುಗಿದ.

“ಯಾರೋ ತೈವಾನಿನವನಿಗೋಸ್ಕರ ನಾನು ಬಂಗುಡೆ ಬಿಡ್ತೇನೆ ಅಂತ ಗ್ರಹಿಸಿದಿರಾ ನೀವು? ನಾನು ಅಷ್ಟು ಪೆದ್ದಿಯಾ?” ಆಮಿನಮ್ಮನ ಸ್ವರ ಈಗ ನಡುಗಿತು. “ಹೊಸ್ತಿಲು ತುಳಿಯಬೇಡ ಅಂದ ಅಪ್ಪ, ಅನ್ನ ಮುಚ್ಚಿಟ್ಟು ಕೂತ ತಾಯಿ. ನೀವು ಬಂದು ಹೇಳುವಾಗ ನಂಗೆ ಎದೆ ಉರೀತಿತ್ತು. ನನ್ನ ಮಗನ ಹೆಸರು ಎತ್ತಬಾರದು ಅಂತ ಈ ಮನೆಯಲ್ಲಿ ನಿಮ್ಮ ಕಾನೂನು. ಅವನ ಹೆಸರು ಎತ್ತಿ ಹರಕೆ ಹೊತ್ತರೆ ಜಗಳ ಮಾಡ್ತೀರಿ. ಅದಕ್ಕೆ ಕುವೊನ ಹೆಸರಲ್ಲಿ ಹೊತ್ತೆ. ಸಾಬಿತ್. ಸಾಬಿತ್. ಇದೋ ಎತ್ತಿದೆ. ಎಂತ ಮಾಡ್ತೀರಿ?”

ಹಸನಬ್ಬ ಏನೂ ಮಾಡಲಿಲ್ಲ. ತಾನು ಹೊಲಿದ ಕತೆಯ ಬಟ್ಟೆ ತನ್ನದೇ ಮನೆಯ ಹಗ್ಗದಿಂದ ಎಳೆದದ್ದು ಎಂದು ಅವರಿಗೆ ಆಗ ಹೊಳೆಯಿತು. ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ, ಹೆಂಡತಿಯ ಕೈಯ ಬಳೆಗಳು ಅಷ್ಟು ಸಡಿಲವಾದದ್ದನ್ನು ಕಂಡು ಭಯವಾಯಿತು.

ಮರುದಿನ ಬೆಳಿಗ್ಗೆ ಅವರು ಅಂಗಡಿ ತೆರೆಯದೆ ದುಖಾನಿಗೆ ಹೊರಟರು. ಶಾಫಿ ತಾನು ಕರೆದುಕೊಂಡು ಹೋಗುತ್ತೇನೆಂದರೂ ಕೇಳಲಿಲ್ಲ. ದಾರಿಯುದ್ದಕ್ಕೂ ಮರಳು, ಅಲ್ಲೊಂದು ಇಲ್ಲೊಂದು ಒಂಟೆ. ಹೇಳಬೇಕಾದ ಮಾತನ್ನು ಹಸನಬ್ಬ ಕಾರಿನಲ್ಲಿ ಜೋರಾಗಿ ಅಭ್ಯಾಸ ಮಾಡಿದರು. ಒಂದು ಸಲ ಹೇಳುವಾಗ ಅದು ಕ್ಷಮೆಯಂತೆ ಕೇಳಿತು, ಅವರಿಗೆ ಇಷ್ಟವಾಗಲಿಲ್ಲ. ಇನ್ನೊಂದು ಸಲ ಆಜ್ಞೆಯಂತೆ ಕೇಳಿತು, ಅದು ಇಷ್ಟವಾಯಿತು, ಆದರೆ ಅದರಿಂದ ಕೆಲಸ ಆಗುವಂತಿರಲಿಲ್ಲ.

ಕಂಪೆನಿಯ ಕ್ವಾರ್ಟರ್ಸಿನಲ್ಲಿ ಸಾಬಿತ್ ರಾತ್ರಿ ಪಾಳಿ ಮುಗಿಸಿ ಬಂದು ಲುಂಗಿಯಲ್ಲಿದ್ದ. ಬಾಗಿಲಲ್ಲಿ ತಂದೆಯನ್ನು ಕಂಡು ಅವನ ಮುಖ ಬಿಳುಚಿತು.

“ಉಮ್ಮನಿಗೆ ಎಂತ ಆಯ್ತು?”

“ಎಂತ ಆಗಿಲ್ಲ. ಮೀನು ತಿನ್ನುದಿಲ್ಲ.”

“ಮೀನು ತಿನ್ನುದಿಲ್ವಾ? ಉಮ್ಮ?” ಅವನಿಗೆ ಅದು ಇನ್ನೂ ದೊಡ್ಡ ಆಘಾತ. “ಫೋನಲ್ಲಿ ನಂಗೆ ಹೇಳಲೇ ಇಲ್ಲ.”

ಅವರಿಬ್ಬರೂ ಫೋನಿನಲ್ಲಿ ಮಾತಾಡುತ್ತಾರೆ ಎಂಬುದು ಹಸನಬ್ಬರಿಗೆ ಹೊಸ ಸುದ್ದಿ. ಅದನ್ನು ನುಂಗಿಕೊಂಡು ಒಳಗೆ ಬಂದು ಕುಳಿತರು. ಎದುರಿಗೆ ಟಿವಿ. ಟಿವಿಯ ಮೇಲೆ ಒಂದು ಕ್ಯಾಸೆಟ್. ಅದರ ಬೆನ್ನಿಗೆ ತನ್ನದೇ ಅಂಗಡಿಯ ಹಳದಿ ಚೀಟಿ.

“ಇದು ಇಲ್ಲಿಗೆ ಹೇಗೆ ಬಂತು?”

ಸಾಬಿತ್ ತಲೆ ಕೆರೆದುಕೊಂಡ. “ನಮ್ಮ ಕಂಪೆನಿ ಬಸ್ಸಿನ ಡ್ರೈವರ್ ಬೋಜ ಇದ್ದಾನಲ್ಲ, ಗುರುವಾರ ದೋಹಾಕ್ಕೆ ಬರ್ತಾನೆ. ಅವನತ್ರ ತರಿಸ್ತೇನೆ. ಟೇಪ್ ನಂಗೆ ಎಂತ ಅರ್ಥ ಆಗ್ತದೆ? ನೀವು ಹೇಳಿದ ಕತೆ ಅವನು ಬಂದು ಹೇಳ್ತಾನೆ. ಅದು ಕೇಳ್ಲಿಕ್ಕೆ.”

ಹಸನಬ್ಬರಿಗೆ ಆ ಬೋಜನ ನೆನಪಾಯಿತು. ಪ್ರತಿ ಗುರುವಾರ ಬರುವ ತುಳು ಮಾತಿನ ಮನುಷ್ಯ. ಉಳಿದವರು ಹೊಡೆದಾಟದ ವಿಷಯ ಕೇಳಿದರೆ ಇವನು ಕೇಳುವುದು ಒಂದೇ, “ಸಾಹೇಬ್ರೇ, ಅಪ್ಪ ಬಾಗಿಲು ತೆಗೆದ್ರಾ?” ಹಸನಬ್ಬ ಪ್ರತಿ ಸಲವೂ ನಕ್ಕು, “ಇನ್ನೂ ಇಲ್ಲ, ಮುಂದಿನ ವಾರ ನೋಡುವ” ಎಂದು ಕತೆಯನ್ನು ಎಳೆದಿದ್ದರು.

“ಒಂದು ವಾರ ಆದ್ರೂ ತೆಗೀತೀರಿ ಅಂತ ನಾನು ಕಾದೆ ಬಾಪ” ಎಂದ ಸಾಬಿತ್. ಅವನು ನಗಲು ನೋಡಿದ, ಆಗಲಿಲ್ಲ. “ನೀವು ತೆಗೀಲೇ ಇಲ್ಲ.”

ಹಸನಬ್ಬರಿಗೆ ಕಾರಿನಲ್ಲಿ ಅಭ್ಯಾಸ ಮಾಡಿದ್ದು ಒಂದೂ ನೆನಪಿಗೆ ಬರಲಿಲ್ಲ. ಕೊನೆಗೆ ಹೊರಬಂದ ಮಾತು ಇಷ್ಟೇ. “ಶುಕ್ರವಾರ ರಜೆ ಉಂಟಾ ನಿಂಗೆ?”

“ಉಂಟು. ಆದ್ರೆ ಹೊಸ್ತಿಲು ತುಳಿಯಬೇಡ ಅಂತ ನೀವು ಹೇಳಿದ್ದು ನಾಲ್ಕು ಜನರ ಎದುರು. ಕರೆಯುದಾದ್ರೆ ಅಲ್ಲೇ ಕರೀಬೇಕು. ಇಲ್ಲಿ ಕರೆದರೆ ಉಮ್ಮನಿಗೆ ಕೇಳುದಿಲ್ಲ.”

“ನಿಂಗೆ ಈ ಹಟ ಯಾರದ್ದು ಬಂತು?”

“ಯಾರದ್ದು ಅಂತ ಬೇರೆಯವರತ್ರ ಕೇಳಬೇಕಾ?”

ಆ ವಾರ ಐನ್ ಖಾಲಿದಿನ ಮನೆಯಲ್ಲಿ ಯಾರೂ ಕುವೊನ ಸುದ್ದಿ ಎತ್ತಲಿಲ್ಲ. ಗುರುವಾರ ಅಂಗಡಿಗೆ ಬಂದವರಿಗೆ ಹಸನಬ್ಬ, “ನಾಳೆ ಆದ ಮೇಲೆ ಬನ್ನಿ, ಈಗ ನಂಗೂ ಗೊತ್ತಿಲ್ಲ” ಎಂದು ಹೇಳಿ ಕಳುಹಿಸಿದರು. ಶುಕ್ರವಾರ ಬೆಳಿಗ್ಗೆ ಶಾಫಿ ಮಾರ್ಕೆಟ್ಟಿಗೆ ಹೋಗಿ ಬಂಗುಡೆ, ಅಂಜಲ್, ಸಿಗಡಿ ಎಲ್ಲ ತಂದು ಸುರಿದ. ಅಸೀಫಾ ಶುಚಿ ಮಾಡಿ, ಮಸಾಲೆ ಅರೆದು ಹಚ್ಚಿ, ಕಾವಲಿಯನ್ನು ಒಲೆಯ ಪಕ್ಕದಲ್ಲಿಟ್ಟು ಕಾದಳು. ಒಲೆ ಹಚ್ಚಲು ಆಮಿನಮ್ಮ ಬಿಡಲಿಲ್ಲ.

“ಅವನು ಬಂದು, ಇವರು ಕರೆದು, ಅವನು ಒಳಗೆ ಕಾಲಿಟ್ಟ ಮೇಲೆ. ಅದಕ್ಕೆ ಮೊದಲು ಒಂದು ಹನಿ ಎಣ್ಣೆ ಕಾಯಿಸಬಾರದು.”

“ಮಾವ ಕರೆಯದಿದ್ರೆ ಮಾಮಿ?”

“ಕರೆಯದಿದ್ರೆ ಇದನ್ನೆಲ್ಲ ಬೆಕ್ಕಿಗೆ ಹಾಕು.”

ಜುಮಾ ನಮಾಜು ಮುಗಿಸಿ ಎಲ್ಲರೂ ಹಾಲಿನಲ್ಲಿ ಕುಳಿತರು. ಕಾರಿನ ಸದ್ದು ಕೇಳಿತು. ಶಮ್ನಾ ಓಡಿಹೋಗಿ ಬಾಗಿಲು ತೆರೆದಳು. ಸಾಬಿತ್ ಮೆಟ್ಟಿಲು ಹತ್ತಿ ಬಂದು ಹೊಸ್ತಿಲ ಹೊರಗೆ ಚಪ್ಪಲಿ ಕಳಚಿ ನಿಂತ. ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಖರ್ಜೂರದ ಪೊಟ್ಟಣ. ಹಿಂದೆ ಬಿಸಿಲು ಉರಿಯುತ್ತಿತ್ತು.

ಎಲ್ಲರೂ ಹಸನಬ್ಬರನ್ನು ನೋಡಿದರು. ಹಸನಬ್ಬ ಫ್ಯಾನು ನೋಡಿದರು.

“ಬಾಗಿಲು ಹಾಗೆ ತೆರೆದಿಟ್ಟರೆ ಎಸಿ ಎಲ್ಲ ಹೊರಗೆ ಹೋಗ್ತದೆ” ಎಂದರು.

ಸಾಬಿತ್ ಅಲುಗಲಿಲ್ಲ.

“ಇದಕ್ಕೆ ಕರೆಯುದು ಅಂತ ಹೇಳ್ತಾರಾ?” ಎಂದರು ಅಡುಗೆಮನೆಯ ಬಾಗಿಲಲ್ಲಿದ್ದ ಆಮಿನಮ್ಮ.

“ಹೊರಗೆ ಭಾರಿ ಬಿಸಿಲು ಉಂಟು” ಎಂದರು ಹಸನಬ್ಬ ಮತ್ತೆ.

“ಅದು ಅವನಿಗೆ ಗೊತ್ತುಂಟು. ನಿಂತದ್ದು ಅವನೇ.”

ಹಸನಬ್ಬ ಎದ್ದರು. ಟೊಪ್ಪಿ ತೆಗೆದರು, ಮತ್ತೆ ಹಾಕಿಕೊಂಡರು. ಬಾಗಿಲವರೆಗೆ ನಡೆದು ಹೋಗಿ ಮಗನ ಎದುರು ನಿಂತರು. ಹತ್ತಿರದಿಂದ ನೋಡಿದರೆ ಹುಡುಗನ ಕಿವಿಯ ಬಳಿ ಆಗಲೇ ಒಂದೆರಡು ಬಿಳಿ ಕೂದಲು. ಅವು ಯಾವಾಗ ಬಂದವೋ ಅವರಿಗೆ ಗೊತ್ತಿರಲಿಲ್ಲ. ಅದರಿಂದ ಅವರಿಗೆ ಬಹಳ ನೋವಾಯಿತು.

“ಹೊಸ್ತಿಲು ತುಳಿಯಬೇಡ ಅಂತ ಹೇಳಿದ್ದು ನಾನು” ಎಂದರು. ಸ್ವರ ಅಂಗಡಿಯಲ್ಲಿ ಕತೆ ಹೇಳುವ ಸ್ವರವಾಗಿರಲಿಲ್ಲ, ಒಡೆದು ಒಡೆದು ಬರುತ್ತಿತ್ತು. “ಆ ದಿವಸ ಹೇಳಿದ್ದು ತಪ್ಪು. ಕರೆಯದೆ ಕೂತದ್ದು ಅದಕ್ಕಿಂತ ದೊಡ್ಡ ತಪ್ಪು. ಒಳಗೆ ಬಾ ಮೋನೇ.”

ಸಾಬಿತ್ ಹೊಸ್ತಿಲು ದಾಟಿದ. ಖರ್ಜೂರದ ಪೊಟ್ಟಣವನ್ನು ಎಲ್ಲಿಡಬೇಕೆಂದು ತಿಳಿಯದೆ ತಂದೆಯ ಕೈಗೇ ಕೊಟ್ಟ. ಅವರು ಅದನ್ನು ಎರಡೂ ಕೈಗಳಲ್ಲಿ ಹಿಡಿದುಕೊಂಡು ಹಾಗೆಯೇ ನಿಂತರು.

ಆಮಿನಮ್ಮ ತಲೆಯ ಶಾಲಿನ ತುದಿಯಿಂದ ಮುಖವನ್ನು ಒರಸಿಕೊಂಡರು. ಮಗನ ಕಡೆ ನೋಡುವಷ್ಟು ಧೈರ್ಯ ಅವರಿಗೆ ಇನ್ನೂ ಬಂದಿರಲಿಲ್ಲ. ಅಡುಗೆಮನೆಯ ಕಡೆ ತಿರುಗಿ ಜೋರಾಗಿ ಕೂಗಿದರು.

“ಅಸೀಫಾ, ಕಾವಲಿ ಇಡು.”